ಆರು ಮಾನಿಟರುಗಳಲ್ಲಿ ಅಕ್ಕನ ಕೊರಳು

ಹುಣಸೂರು
೬-೧೧-೨೦೦೬, ಸೋಮವಾರ

ಪ್ರೀತಿಯ ಪವಿತ್ರಾ,

ಇವತ್ತು ಬೆಳಿಗ್ಗೆ ಕಸ ಗುಡಿಸುವಾಗ ಹೊಸಿಲ ಸಂದಿಯಲ್ಲಿ ಕೀಬೋರ್ಡಿನ ಒಂದು ಗುಂಡಿ ಸಿಕ್ಕಿತು. ಎಫ್ ಏಳು ಎಂದಿತ್ತು. ಅದು ಯಾವ ಕೆಲಸಕ್ಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ತೊಳೆದೆ. ನೀರು ಸ್ವಲ್ಪ ಕೆಂಪಾಯಿತು.

ಫೋಟೋ ತಿದ್ದಲು ಯಾವ ಮಾನಿಟರ್ ಕೊಳ್ಳಲಿ ಎಂದು ಕೇಳಿದ್ದೀಯ. ಪಿರಿಯಾಪಟ್ಟಣದ ಅಂಗಡಿಯವನು ತೆಳ್ಳನೆಯದನ್ನೇ ಹೊಗಳುತ್ತಿದ್ದಾನೆ ಎಂದೂ ಬರೆದಿದ್ದೀಯ. ಮೊದಲು ಅದನ್ನು ಹೇಳಿಬಿಡುತ್ತೇನೆ. ತೆಳ್ಳನೆಯದರ ಮುಂದೆ ಕೂತು ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡು, ಕಪ್ಪು ಜಡೆ ಬೂದಿ ಬಣ್ಣವಾಗುತ್ತದೆ. ದಪ್ಪನೆಯದರಲ್ಲಿ ಬಣ್ಣ ನಿಲ್ಲುತ್ತದೆ. ಆದರೆ ಸ್ಪೀಕರನ್ನು ಅದಕ್ಕೆ ತಾಗಿಸಿ ಇಡಬೇಡ, ಅದರೊಳಗಿನ ಅಯಸ್ಕಾಂತ ಬಣ್ಣವನ್ನು ಕೆಡಿಸುತ್ತದೆ. ನಮ್ಮ ಹಳೆಯದರ ಎಡಗಡೆ ಅಂಗೈಯಗಲ ನೇರಳೆ ಕಲೆ ಬಿದ್ದದ್ದು ಹಾಗೆಯೇ. ಆ ಜಾಗದಲ್ಲಿ ಏನು ನೇರಳೆ ಕಂಡರೂ ಮಾನಿಟರಿನ ದೋಷ ಎಂದು ಬಿಟ್ಟುಬಿಡುವುದು ನನಗೆ ರೂಢಿಯಾಗಿತ್ತು.

ಸೆಪ್ಟೆಂಬರಿನಲ್ಲಿ ಅಕ್ಕನಿಗೆ ಏಳು ತಿಂಗಳು ತುಂಬಿ, ನಮ್ಮ ಮನೆಯಲ್ಲಿ ಬಳೆ ತೊಡಿಸಿದೆವು. ಮಾವನ ಡಿಜಿಟಲ್ ಕ್ಯಾಮರಾದಲ್ಲಿ ಎಂಬತ್ತು ಫೋಟೋ ತೆಗೆದೆ. ಸಂಜೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದೆ. ಬಳೆ ತೊಡಿಸುವವಳ ಕಡೆ ಬಾಗಿದ್ದಾಗ ತೆಗೆದ ಒಂದರಲ್ಲಿ ಸೆರಗು ಸರಿದು, ಕಿವಿಯ ಕೆಳಗಿಂದ ಕೊರಳವರೆಗೆ ನೇರಳೆ ಬಣ್ಣ ಕಂಡಿತು. “ಮಾನಿಟರ್ ಕಲೆ ಕಣಕ್ಕ, ಸ್ಪೀಕರ್ ದೆಸೆಯಿಂದ” ಎಂದೆ. ಅಕ್ಕ ಕತ್ತಿನ ಸುತ್ತ ಸೆರಗು ಎಳೆದುಕೊಂಡು, “ಊ ಕಣೆ, ಅದ್ರುದೇ ಇರ್ಬೇಕು. ಇದೊಂದ ಪ್ರಿಂಟ್ ಆಕಿಸ್ಬೇಡ ಬುಡು” ಎಂದಳು. ಮಾರನೆಯ ದಿನ ಭಾವ ಬಂದು ವೀರನಹೊಸಹಳ್ಳಿಗೆ ಕರೆದುಕೊಂಡು ಹೋದ. ಲಿಂಗರಾಜು ಭಾವನನ್ನು ‘ಹೋದರು’ ಎಂದು ಬರೆಯಲು ಈಗ ಕೈ ಬರುತ್ತಿಲ್ಲ.

ದೀಪಾವಳಿ ಕಳೆದ ಮೇಲೆ ಹಳೆಯ ಮಾನಿಟರ್ ಸುಟ್ಟುಹೋಯಿತು. ಹೊಸದಕ್ಕೆ ಅಪ್ಪನ ಜೊತೆ ಮೈಸೂರಿಗೆ ಹೋದೆ. ಗೊತ್ತಿರುವ ಮುಖ ಹಾಕಿ ನೋಡಿದರೆ ಬಣ್ಣದ ಸರಿತಪ್ಪು ತಿಳಿಯುತ್ತದೆಂದು ಬಳೆಶಾಸ್ತ್ರದ ಸೀಡಿ ಒಯ್ದಿದ್ದೆ. ಅಂಗಡಿಯವನು ಮುಖ ದೊಡ್ಡದಾಗಿ ಇರುವುದೇ ಬೇಕೆಂದು ಆ ಫೋಟೋವನ್ನೇ ಆರಿಸಿ, ಸಾಲಾಗಿಟ್ಟ ಆರು ಮಾನಿಟರುಗಳಲ್ಲೂ ಹಾಕಿದ. ಆರರಲ್ಲೂ ಅಕ್ಕನ ಕೊರಳು. ಆರರಲ್ಲೂ ನಾಲ್ಕು ಬೆರಳಿನ ಗುರುತು, ಅಚ್ಚು ಒತ್ತಿದ ಹಾಗೆ. “ಟಚಪ್ ಮಾಡಿದ್ರೆ ಹೊರಟೋಗುತ್ತೆ ಮೇಡಂ” ಎಂದ. ಅಪ್ಪ ಒಂದೊಂದನ್ನೂ ನೋಡಿದರು. ಆರನೆಯದರ ಮುಂದೆ ನಿಂತು, “ಯಾವ್ದಾರ ತಗಳವ್ವ, ಬಸ್ಸಿಗೊತ್ತಾಯ್ತು” ಎಂದರು. ಬಿಳಿಕೆರೆ ದಾಟಿದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡೇ, ಗಂಡ ಎಂಡ್ತಿ ಅಂದ್ಮೇಲೆ ಇರ್ತದೆ ಎಂದರು.

ಮೊನ್ನೆ ಶುಕ್ರವಾರ ಅಕ್ಕ ತರಕಾರಿ ಟೆಂಪೋದಲ್ಲಿ ಬಂದಿಳಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. ರವಿಕೆ ಬಾರುಕೋಲಿನ ಏಟಿಗೆ ಹರಿದು ಬೆನ್ನಿಗೆ ಅಂಟಿಕೊಂಡಿತ್ತು. ಅಮ್ಮ ಬಿಸಿನೀರು ಹಾಕಿ ಬಿಡಿಸಿದರು. “ಬೆನ್ನ ಕೊಟ್ಟೆ ಕಣೆ, ಒಟ್ಟೆ ಕೊಡ್ಲಿಲ್ಲ” ಎಂದಳು. ಮಗು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದಾರೆ.

ಶನಿವಾರ ಮಧ್ಯಾಹ್ನ ಅವನು ಬಂದ. ಬಂದವನೇ ಅಕ್ಕನ ಜಡೆ ಹಿಡಿದು ನಡುಮನೆಗೆ ಎಳೆದ. ಕಾಲು ಹಿಡಿದ ಅಮ್ಮನ ಬಾಯಿಗೆ ಒದ್ದ. ನಾನು ಹೊಸ ಮಾನಿಟರಿನಲ್ಲಿ ಅದೇ ಫೋಟೋ ತೆರೆದಿದ್ದೆ. ಅದು ಅವನ ಕಣ್ಣಿಗೆ ಬಿತ್ತು. “ಓಹೋ, ಸಿನಿಮಾ ಮಾಡ್ಕಂಡ್ ಕೂತಿದ್ದೀಯ!” ಎಂದವನು ಮೂಲೆಯ ಒನಕೆ ತೆಗೆದು ಪರದೆಯ ನಡುವಿಗೇ ಬಿಟ್ಟ. ದಪ್ಪನೆಯ ಮಾನಿಟರ್ ಸುಮ್ಮನೆ ಒಡೆಯುವುದಿಲ್ಲ ಪವಿತ್ರಾ, ಸಿಡಿಮದ್ದಿನ ಹಾಗೆ ಸಿಡಿಯುತ್ತದೆ. ಅಮ್ಮನ ಹಣೆಗೆ ಗಾಜು ನಾಟಿತು. ಒನಕೆ ಮತ್ತೆ ಮೇಲೆದ್ದಾಗ ಅಕ್ಕನ ಹೊಟ್ಟೆಯ ಕಡೆ ತಿರುಗಿತ್ತು.

ಕಾಲೇಜಿನಲ್ಲಿ ಹಾಜರಿ ಕೂಗಿದರೂ ಎದ್ದು ಮಾತಾಡದವಳು ನಾನು. ಕೀಬೋರ್ಡನ್ನು ವೈರಿನ ಸಮೇತ ಕಿತ್ತು, ಅದರ ಅಂಚಿನಿಂದ ಅವನ ಮುಖಕ್ಕೆ ಹೊಡೆದೆ. ಕಬ್ಬು ಮುರಿದಂಥ ಸದ್ದಾಯಿತು. ಮೂಗು. ಮತ್ತೆ ಹೊಡೆದೆ. ಮೂರನೆಯ ಏಟಿಗೆ ಗುಂಡಿಗಳೆಲ್ಲ ಮುಸುಕಿನ ಜೋಳದ ಕಾಳಿನಂತೆ ಚೆಲ್ಲಿದವು. ನಾಲ್ಕನೆಯದಕ್ಕೆ ಎತ್ತಿದ ಕೈಯನ್ನು ಅಕ್ಕ ಹಿಡಿದುಕೊಂಡಳು, ಇಲ್ಲದಿದ್ದರೆ ನಿಲ್ಲಿಸುತ್ತಿರಲಿಲ್ಲ.

ಅವನು ಟವೆಲ್ಲಿಗೆ ರಕ್ತ ಉಗಿದು, ಹೊಸಿಲಲ್ಲಿ ನಿಂತು ನಕ್ಕ. “ಪಟ ಎಲ್ಲಾ ಪುಡಿಯಾಯ್ತಲ್ಲ, ಇನ್ನೇನ್ ತೋರಿಸ್ತೀರಿ ತೋರ್ಸಿ ನ್ಯಾಯಕ್ಕೆ!” ಎಂದು ಹೋದ.

ಫೋಟೋಗಳು ಟಿವಿಯಂಥ ಆ ಮಾನಿಟರಿನೊಳಗೇ ಇರುತ್ತವೆ ಎಂದು ಅವನ ತಿಳುವಳಿಕೆ. ಮೈಸೂರಿನಲ್ಲಿ ಆರರಲ್ಲಿ ನೋಡಿ ಬಂದರೂ ಅಪ್ಪನದೂ ಅದೇ. ಗದ್ದೆಯಿಂದ ಬಂದು ಗಾಜನ್ನು ಮಂಕರಿಗೆ ತುಂಬುತ್ತಾ, “ಓಗ್ಲಿ ಬುಡು, ಪಟಾನೂ ಓದ್ವು. ಬುಧವಾರ ಯಜಮಾನ್ರು ಕೂತ್ಕತಾರೆ. ರಾಜಿ ಮಾಡಿ ಕಳ್ಸಣ” ಎಂದರು. ಮೇಜಿನ ಕೆಳಗಿರುವ ಸಿಪಿಯು ಅವರ ಪಾಲಿಗೆ ಕರೆಂಟಿನ ಪೆಟ್ಟಿಗೆ. ನಾನು ತಿದ್ದಲಿಲ್ಲ.

ಒಂದು ಮಾತು ನಿನಗೆ ಮಾತ್ರ. ಸೆಪ್ಟೆಂಬರಿನ ಆ ಸಂಜೆ ಅಕ್ಕ ಎದ್ದುಹೋದ ಮೇಲೆ ಆ ಫೋಟೋವನ್ನು ಬಲಗಡೆಗೆ ಎಳೆದು ನೋಡಿದ್ದೆ. ನೇರಳೆಯೂ ಅಕ್ಕನ ಕೊರಳ ಜೊತೆಗೇ ಸರಿಯಿತು. ನಾನು ಸ್ವಿಚ್ ಆರಿಸಿ, ಸಾರಿಗೆ ಒಗ್ಗರಣೆ ಹಾಕಲು ಹೋದೆ.

ಮೈಸೂರಿಗೆ ಒಯ್ದಿದ್ದ ಆ ಒಂದೇ ಸೀಡಿಯನ್ನು ನಂಬದೆ, ನಿನ್ನೆ ಸಿಪಿಯುವನ್ನು ದುಪ್ಪಟಿಯಲ್ಲಿ ಸುತ್ತಿ ಬ್ರೌಸಿಂಗ್ ಸೆಂಟರಿಗೆ ಹೊತ್ತುಕೊಂಡು ಹೋಗಿ ಎರಡು ಸೀಡಿ ಮಾಡಿಸಿದೆ. ಸ್ಟುಡಿಯೋದಲ್ಲಿ ಪ್ರಿಂಟೂ ಹಾಕಿಸಿದೆ. ಅಕ್ಕ ತಾನಾಗಿ ಬೆನ್ನು ತೋರಿಸಿ ಕೂತಳು, ಅದನ್ನೂ ತೆಗೆದಿದ್ದೇನೆ. ಯಾವುದನ್ನೂ ತಿದ್ದಿಲ್ಲ. ದೂರು ಬರೆದಾಯಿತು, ಬಿ.ಎ. ಓದಿದ್ದಕ್ಕೆ ಎರಡು ಪುಟ ಕನ್ನಡ ಬರೆದ ಹಾಗಾಯಿತು. ನಾನು ಹೊಡೆದ ಮೂರು ಏಟುಗಳನ್ನೂ ಅದರಲ್ಲಿ ಸೇರಿಸಿದ್ದೇನೆ. ಬುಧವಾರದವರೆಗೆ ಕಾಯುವುದಿಲ್ಲ. ನಾಳೆ ಅಪ್ಪ ಗದ್ದೆಗೆ ಹೋದ ಮೇಲೆ ಅಕ್ಕನೂ ನಾನೂ ಠಾಣೆಗೆ ಹೋಗುತ್ತೇವೆ.

ನೀನು ದಪ್ಪನೆಯದನ್ನೇ ಕೊಂಡುಕೋ.

ನಿನ್ನ
ರಾಧಾ

ತಾ.ಕ.: ದೂರಿನಲ್ಲಿ, ಗುರುತುಗಳನ್ನು ಮೊದಲೇ ನೋಡಿದವರು ಯಾರು ಎಂಬಲ್ಲಿ ನನ್ನ ಹೆಸರಿನ ಕೆಳಗೆ ಅಪ್ಪನ ಹೆಸರು ಬರೆದಿದ್ದೇನೆ, ಕರಿಯಯ್ಯ ಎಂದು. ಈಗ ಅವರು ಜಗಲಿಯಲ್ಲಿ ಕೂತು ಅಕ್ಕನಿಗೆಂದು ಎಳನೀರು ಕೆತ್ತುತ್ತಿದ್ದಾರೆ. ಅವರಿಗೆ ನಾನು ಹೇಳುವುದಿಲ್ಲ. ಪೊಲೀಸರೇ ಕೇಳಲಿ.