ಜಗಳಕ್ಕೊಂದು ಚಪ್ಪಲಿ

ಅಪ್ಪಾ,

ನಿನ್ನ ನಾಯಿ ಗೊಣಗಪ್ಪ ಈಗ ದಿನಾ ನನ್ನ ಜೊತೆ ಆಫೀಸಿಗೆ ಬರುತ್ತಾನೆ. ನೀನು ಹೋದ ಮೇಲೆ ಇಲ್ಲಿಗೆ ಕರೆತಂದೆ, ಆದರೆ ಮನೆಯಲ್ಲಿ ಒಬ್ಬನೇ ಇರಲು ಸುತರಾಂ ಒಪ್ಪಲಿಲ್ಲ. ನಿನ್ನದೇ ಹಟ. ನಾನು ನಕ್ಷೆ ಬಿಡಿಸುವ ಮೇಜಿನ ಕೆಳಗೆ ಮಲಗಿ ದೊಡ್ಡ ಅಧಿಕಾರಿಯ ಹಾಗೆ ಗೊರಕೆ ಹೊಡೆಯುತ್ತಾನೆ.

ಇವತ್ತೊಂದು ತಮಾಷೆಯಾಯಿತು. ನಾನು ಬಿಡಿಸಿದ ನಕ್ಷೆಯಲ್ಲಿ ನದಿಯೊಂದು ಕಡಲು ಸೇರುವ ಮೊದಲೇ ನಿಂತುಬಿಟ್ಟಿತ್ತು. ಆಫೀಸಿನ ಯಜಮಾನರು ಕೆಂಡವಾದರು.

"ಇದೇನಮ್ಮಾ, ನದಿ ಸುಸ್ತಾಗಿ ದಾರೀಲೇ ಕೂತ್ಬಿಡ್ತಾ?"

"ಅವಸರ ಮಾಡಿದ್ದು ನೀವೇ ಸಾರ್!" ಎಂದೆ. ನನ್ನ ಗಂಟಲು ನಿನಗೆ ಗೊತ್ತಲ್ಲ.

ದನಿ ಏರಿದ್ದೇ ತಡ, ಗೊಣಗಪ್ಪ ಎದ್ದ. ನಾನು ಊರಿಗೆ ಬಂದಾಗಲೆಲ್ಲ ಜಗಳದ ಕೊನೆಗೆ ನೀನು "ನನ್ನ ಚಪ್ಪಲಿ ಎಲ್ಲಿ? ನಾನು ಹೊರಟೆ" ಎನ್ನುತ್ತಿದ್ದೆಯಲ್ಲ, ಅದನ್ನು ಕೇಳಿ ಕೇಳಿ, ಜೋರು ಮಾತು ಶುರುವಾದರೆ ಸಾಕು, ಅವನೇ ಚಪ್ಪಲಿ ತಂದಿಡುತ್ತಿದ್ದ. ನಾವಿಬ್ಬರೂ ನಕ್ಕುಬಿಡುತ್ತಿದ್ದೆವು. ಇವತ್ತು ಯಜಮಾನರು ತಮ್ಮ ಮೇಜಿನಡಿ ಬಿಚ್ಚಿಟ್ಟಿದ್ದ ಬೂಟನ್ನು ತಂದು ಅವರ ಮುಂದೆಯೇ ಇಟ್ಟ.

"ಅಂದ್ರೆ, ನಾನೇ ಹೊರಡ್ಬೇಕಾ?" ಎಂದರು ಯಜಮಾನರು. ಆಫೀಸಿಗೆ ಆಫೀಸೇ ನಕ್ಕಿತು, ಅವರೂ ನಕ್ಕರು. ನಾನು ನದಿಯನ್ನು ಕಡಲಿಗೆ ಮುಟ್ಟಿಸಿಯೇ ಮನೆಗೆ ಬಂದೆ.

ಅಪ್ಪಾ, ನಮ್ಮ ಕೊನೆಯ ಜಗಳ ಫೋನಿನಲ್ಲಾಯಿತು. ಆವತ್ತೂ ಅವನು ನಿನ್ನ ಮುಂದೆ ಚಪ್ಪಲಿ ತಂದಿಟ್ಟಿರಬೇಕು. ನೀನು ನಗುವಷ್ಟರಲ್ಲಿ ನಾನು ಫೋನ್ ಇಟ್ಟುಬಿಟ್ಟಿದ್ದೆ.