ನಾನು ತೋಡಿಸಿದ ಗುಂಡಿಗಳು

ಮಾರ್ಚ್ 3, ಬೆಳಿಗ್ಗೆ
ಫಿರಂಗಿಗಳ ನಳಿಗೆ ಒರೆಸಿ ಮುಗಿಯಿತು. ಟೀ ಆರಿಹೋಗಿತ್ತು, ಹಾಗೇ ಕುಡಿದೆ. ಹೊಸ ಕಮಾಂಡರ್ ಬಂದ. ಯಾರು — ನನ್ನ ಬ್ಯಾಚಿನವನೇ. ತರಬೇತಿಯಲ್ಲಿ ನನ್ನ ಗುರಿಲೆಕ್ಕ ಕದ್ದು ನೋಡುತ್ತಿದ್ದವನು. ಈಗ ಡ್ರೋನ್ ಯುದ್ಧದ ಪಂಡಿತ. ಪೇಪರಿನಲ್ಲಿ ಫೋಟೊ. ಸೆಲ್ಯೂಟ್ ಹೊಡೆದೆ. ಹೊಟ್ಟೆ ಉರಿಯಿತು. ಇಲ್ಲಿ ಸುಳ್ಳು ಬರೆದು ಏನಾಗಬೇಕಿದೆ...

ಮಾರ್ಚ್ 5
"ನಿನ್ ಫಿರಂಗಿಗಳಿಗೆ ಇನ್ನು ಪೆನ್ಶನ್ ಕೊಡ್ಬೇಕು ಕಣಯ್ಯ" ಎಂದ, ಎಲ್ಲರೆದುರು. ನಕ್ಕರು. ನಾನೂ ಹಲ್ಲು ಬಿಟ್ಟೆ.

ಮಗಳು ಅವನ ಡ್ರೋನ್ ತುಕಡಿಯಲ್ಲೇ ಕ್ಯಾಪ್ಟನ್. ನದಿಯಾಚೆ ಇದ್ದಾಳೆ. ಫೋನ್ ಮಾಡಿದಳು. "ಅಪ್ಪಾ, ನಮ್ಮ ಸರ್ ತಲೆನೇ ತಲೆ. ಸ್ಕ್ರೀನ್ ನೋಡಿದ್ರೆ ಸಾಕು, ಶತ್ರು ಎಲ್ಲಿದ್ದಾನೆ ಅಂತ ಹೇಳ್ಬಿಡ್ತಾರೆ." ಊಟ ಆಯಿತಾ ಎಂದು ನನ್ನನ್ನು ಕೇಳಲಿಲ್ಲ. ಚಿಕ್ಕವಳಿದ್ದಾಗ ನನ್ನ ಟೋಪಿ ಹಾಕಿಕೊಂಡು ಮನೆಯೆಲ್ಲ ಮಾರ್ಚ್ ಮಾಡುತ್ತಿದ್ದವಳು. ಈಗ ಬಾಯಿ ತೆರೆದರೆ ನಮ್ಮ ಸರ್. ಮಗಳನ್ನೂ ಕಿತ್ತುಕೊಂಡನಲ್ಲ ಇವನು.

ಮಾರ್ಚ್ 9, ಸಂಜೆ
ಬೆಳಿಗ್ಗೆ ಗುಡ್ಡದ ಮೇಲೆ ನಾನು ತೋಡಿಸಿದ ಗುಂಡಿಗಳಿಂದ ಶೆಲ್ ಹಾರಿಸಿದೆವು. ತಕ್ಷಣ ಜಾಗ ಖಾಲಿ. ಎಲ್ಲಿಂದ ಹಾರಿಸಿದೆವೋ ಆ ಜಾಗ ಶತ್ರುವಿನ ರಾಡಾರಿಗೆ ಸಿಕ್ಕಿಬಿದ್ದಿರುತ್ತದೆ. ಇಂದಲ್ಲ ನಾಳೆ ಹೊಡೆಯುತ್ತಾರೆ. ಬಿಟ್ಟ ಗುಂಡಿಗೆ ಮತ್ತೆ ಇಳಿಯಬಾರದು — ಫಿರಂಗಿಯವರು ಮೊದಲು ಕಲಿಯುವುದೇ ಅದು.

ಮಾರ್ಚ್ 10, ಮೀಟಿಂಗ್ ಮುಗಿದ ಮೇಲೆ
ಕಮಾಂಡರ್ ನಕ್ಷೆಯ ಮೇಲೆ ಗುಡ್ಡ ತೋರಿಸಿದ. "ಇಲ್ಲಿ ಗುಂಡಿಗಳು ರೆಡಿಯಾಗೇ ಇವೆ. ನಾಡಿದ್ದು ನಾನು ಅಲ್ಲಿಂದ್ಲೇ ಡ್ರೋನ್ ನಡೆಸ್ತೀನಿ. ಏನಯ್ಯ, ಅಭ್ಯಂತರ ಇದೆಯಾ?"

ನಿನ್ನೆ ಅಲ್ಲಿಂದಲೇ ಹಾರಿಸಿದ್ದು ಇವನಿಗೆ ಗೊತ್ತಿಲ್ಲ; ಹೇಳಲು ಮಾತು ನಾಲಿಗೆ ತುದಿಗೆ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ಪೆನ್ಶನ್ ಮಾತು ನೆನಪಾಯಿತು. "ಇಲ್ಲ ಸರ್" ಎಂದೆ.

ಹತ್ತಿರದಲ್ಲಿ ಎರಡು ಶೆಲ್ ಬೀಳಲಿ. ಪೇಪರಿನವರ ಮುಂದೆ ಮಣ್ಣು ಕೊಡವಿಕೊಂಡು ನಿಲ್ಲಲಿ. ಸಾಯಲಿ ಎಂದಲ್ಲ. ಬುದ್ಧಿ ಬರಲಿ, ಅಷ್ಟೇ. ಮಗಳಂತೂ ನದಿಯಾಚೆ ಇದ್ದಾಳೆ.

ಮಾರ್ಚ್ 12, ಹನ್ನೊಂದು ಗಂಟೆ
ಮೆಸ್ಸಿಗೆ ಹೋದರೆ ಕಮಾಂಡರ್ ಕೂತು ಮೊಟ್ಟೆ ಸುಲಿಯುತ್ತಿದ್ದಾನೆ. ಗುಡ್ಡಕ್ಕೆ ಹೋಗಲಿಲ್ಲವೇ ಎಂದೆ.

"ನಾನು ಸಂಜೆ ಹೋಗ್ತೀನಿ. ನಿನ್ ಮಗಳ ತಂಡನ ನದಿಯಾಚೆಯಿಂದ ಕರೆಸ್ಕೊಂಡೆ, ಬೆಳಿಗ್ಗೆನೇ ಗುಡ್ಡ ಹತ್ತಿದ್ರು. ಬೇರೆ ಜಾಗ ನೋಡೋಣ್ವಾ ಅಂದೆ. ಬೇಡ ಸರ್, ನಮ್ಮಪ್ಪ ತೋಡ್ಸಿದ ಗುಂಡಿ, ಅದಕ್ಕಿಂತ ಭದ್ರವಾದ ಜಾಗ ಎಲ್ಲೂ ಇಲ್ಲ ಅಂದ್ಲು." ಸಿಪ್ಪೆ ಬದಿಗಿಟ್ಟ. "ಹೊಟ್ಟೆಕಿಚ್ಚಾಯ್ತು ಕಣಯ್ಯ ನಿನ್ನ ನೋಡಿ. ನನ್ ಮಕ್ಕಳು ನನ್ ಬಗ್ಗೆ ಒಂದ್ಸಲನೂ ಹಾಗಂದಿಲ್ಲ."

ಎಲ್ಲ ಹೇಳಿದೆ. ಮೊಟ್ಟೆ ಅಲ್ಲೇ ಬಿಟ್ಟು ವೈರ್‌ಲೆಸ್ ಕೋಣೆಗೆ ಓಡಿದ. ನಾನು ಜೀಪಿಗೆ ಕಾಯುತ್ತಿದ್ದೇನೆ. ಫೋನ್ ಸ್ಪೀಕರಿನಲ್ಲಿದೆ, ರಿಂಗ್ ಆಗುತ್ತಿದೆ. ಸುಮ್ಮನೆ ಕಾಯಲಾಗದೆ ಬರೆಯುತ್ತಿದ್ದೇನೆ.

ಎತ್ತಿದಳು. "ಅಪ್ಪಾ, ಊಟ ಆಯ್ತಾ? ನಾನೀಗ ಎಲ್ಲಿದ್ದೀನಿ ಹೇಳು ನೋಡೋಣ—"

ಓಡು ಎಂದೆ. ಏನಪ್ಪಾ ಎಂದಳು. ಓಡು ಮಗಳೇ ಎಂದೆ. ಗುಡ್ಡದ ಕಡೆಯಿಂದ ಶೆಲ್ ಬಿದ್ದ ಸದ್ದು—