ರುಚಿ ನೋಡಿದವರ ಸಹಿ

ಜೂನ್ 16, ಸೋಮವಾರ
ಮರಳೂರಿನಿಂದ ಗುಬ್ಬಿ, ಅಲ್ಲಿಂದ ಇನ್ನೊಂದು ಬಸ್. ಇಬ್ಬರ ಸೀಟಿನಲ್ಲಿ ಒಬ್ಬಳೇ. ನನ್ನ ಗಾತ್ರ ನೋಡಿ ಪಕ್ಕ ಯಾರೂ ಕೂರುವುದಿಲ್ಲ, ಅಭ್ಯಾಸವಾಗಿದೆ. ಈ ವರ್ಷವೂ ಶಾಲೆಯ ಬಿಸಿಯೂಟದ ರುಚಿ ನೋಡುವ ಡ್ಯೂಟಿ ನನಗೇ. ಮಕ್ಕಳಿಗೆ ಬಡಿಸುವ ಮೊದಲು ತಿಂದು, ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. "ಸುಧಾ ಮೇಡಂಗಿಂತ ಅರ್ಹರು ಬೇಕಾ?" ಎಂದರು ಹೆಡ್‌ಮಾಸ್ಟರ್. ಎಲ್ಲರೂ ನಕ್ಕರು. ನಾನೂ ನಕ್ಕೆ... ಅದೇ ಬೇಜಾರು.

ಜೂನ್ 24
ತಟ್ಟೆಯಲ್ಲಿ ಒಂದು ಹಿಡಿ ಅನ್ನ, ಸಾರು. ಬಾಗಿಲಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ತಿಮ್ಮರಾಜು.
"ಮಕ್ಳ ಅನ್ನ ಕಣಮ್ಮ ಅದು. ಬಾಯಿ ಕಟ್ಟಕ್ಕಾಗ್ದೋರು ಮಕ್ಳಿಗೇನ್ ಶಿಸ್ತು ಕಲಿಸ್ತೀರ?"
"ರೂಲ್ಸು ಕಣಣ್ಣ, ಬುಡು," ಎಂದಳು ಅಡುಗೆಯ ಸಿದ್ದಗಂಗಮ್ಮ.
ಬೆಳಿಗ್ಗೆಯಿಂದ ನಾನು ತಿಂದದ್ದು ಎರಡು ಇಡ್ಲಿ. ಕಳ್ಳಿಯ ಹಾಗೆ ತಟ್ಟೆ ತೊಳೆದಿಟ್ಟೆ. ತೆಳ್ಳಗಿದ್ದರೆ ಸಂಯಮ, ದಪ್ಪಗಿದ್ದರೆ ದುರಾಸೆ! ಸಿಟ್ಟು ಮಾಡಿಕೊಳ್ಳಲೂ ಈಗ ಶಕ್ತಿ ಇಲ್ಲ.

ಜೂನ್ 25
ತಿನ್ನಲಿಲ್ಲ. 'ರುಚಿ ನೋಡಿದೆ, ಚೆನ್ನಾಗಿದೆ' — ಸಹಿ ಮಾತ್ರ. ಸಿದ್ದಗಂಗಮ್ಮ ನನ್ನ ಮುಖ ನೋಡಿದಳು, ಪಾತ್ರೆ ಮುಚ್ಚಿದಳು.

ಜುಲೈ 12, ಶನಿವಾರ
ಇವತ್ತೂ ಸಹಿ ಮಾತ್ರ. ಉಪ್ಪಿಟ್ಟಿಗೆ ಉಪ್ಪಿನ ಬದಲು ಪಾತ್ರೆ ತೊಳೆಯುವ ಸೋಡಾ ಬಿದ್ದಿತ್ತು. ಎರಡೂ ಒಂದೇ ಥರದ ಡಬ್ಬ. ಒಂದು ಚಮಚ ಬಾಯಿಗಿಟ್ಟಿದ್ದರೆ ಗೊತ್ತಾಗುತ್ತಿತ್ತು. ಒಂದೇ ಒಂದು ಚಮಚ. ಏಳು ಮಕ್ಕಳಿಗೆ ವಾಂತಿ. ಆಸ್ಪತ್ರೆಯಲ್ಲಿ ಮೂರನೇ ಕ್ಲಾಸಿನ ಇಂಪನಾ ನನ್ನ ತೊಡೆಯ ಮೇಲೆ ಮಲಗಿದ್ದಳು.
"ಮಿಸ್, ನೀವೂ ತಿಂದ್ರಲ್ಲ... ನಿಮ್ಗೂ ನೋಯ್ತೈತಾ?"
ತಲೆ ಸವರಿದೆ.

ಜುಲೈ 14, ಸೋಮವಾರ
ಮಕ್ಕಳೆಲ್ಲ ಮನೆಗೆ ಬಂದಿದ್ದಾರೆ, ಪುಣ್ಯ. ವಿಚಾರಣೆಗೆ ಬಂದ ಆಫೀಸರ್ ನನ್ನ ಸಹಿಯ ಮೇಲೆ ಬೆರಳಿಟ್ಟರು. "ನೀವು ತಿಂದಿದೀರಿ, ನಿಮ್ಗೇನೂ ಆಗಿಲ್ಲ. ಅಂದ್ರೆ ಅಡುಗೆಯವ್ಳು ಆಮೇಲೆ ಬೇಕಂತ್ಲೇ ಹಾಕವ್ಳೆ." ಸಿದ್ದಗಂಗಮ್ಮ ಗೋಡೆಗೆ ಒರಗಿ ಅಳುತ್ತಿದ್ದಳು.
"ನಾನು ತಿಂದಿರ್ಲಿಲ್ಲ ಸರ್. ಸುಮ್ನೆ ಸಹಿ ಹಾಕ್ದೆ."
ತಿಮ್ಮರಾಜು ನಕ್ಕೇಬಿಟ್ಟ. "ಇವ್ರು? ತಿನ್ನದೆ ಇರ್ತಾರಾ? ಅವ್ಳನ್ನ ಉಳ್ಸಕ್ಕೆ ಹೇಳ್ತಾವ್ರೆ, ಸಾರ್."
ಆಫೀಸರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾಳೆ ಬರೆದುಕೊಡಿ ಎಂದರು.

ಜುಲೈ 15, ಬೆಳಿಗ್ಗೆ 5.30
ಮೂರು ಹಾಳೆ ಹರಿದೆ. ಕೆಲಸ ಹೋದರೆ ಹೋಗಲಿ, ಸಿದ್ದಗಂಗಮ್ಮ ಉಳಿಯಲಿ. 'ಅಂದು ನಾನು ಆಹಾರ ಸೇವಿಸಿರಲಿಲ್ಲ' — ಬರೆದು, ಗಟ್ಟಿಯಾಗಿ ಓದಿಕೊಂಡೆ. ನಿಜವೇ. ಆದರೂ ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.